ಕಿವಿಯ ಹಿಂದಿನ ಗಂಟು

ಆ ಬೀದಿಯಲ್ಲಿ ಎಲ್ಲರೂ ಅವನನ್ನು ನಾಳೆ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಹೊಲಿಗೆಗೆ ಬಟ್ಟೆ ಕೊಟ್ಟವರು ಯಾವತ್ತು ಬಂದು ಕೇಳಿದರೂ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ಸಂದಿಯಿಂದಲೇ "ನಾಳೆ" ಎನ್ನುವುದು ಅವನ ರೂಢಿ. ಕೈ ಮಾತ್ರ ಬಂಗಾರ. ಅವನು ಹೊಲಿದ ಕೋಟು ತೊಟ್ಟರೆ ಗೂನುಬೆನ್ನಿನವನೂ ನೆಟ್ಟಗೆ ಕಾಣುತ್ತಾನೆ ಎಂದು ಎದುರು ಸಾಲಿನ ಬೇಕರಿಯವನು ಹೊಗಳುತ್ತಿದ್ದ. "ಆದ್ರೆ ಆ ಕೋಟು ಕೈಗೆ ಬರೋ ಹೊತ್ತಿಗೆ ಗೂನೂ ಇರಲ್ಲ, ಆ ಮನುಷ್ಯನೂ ಇರಲ್ಲ" ಎಂದು ಹೊಗಳಿಕೆಗೆ ಬಾಲವನ್ನೂ ಅಂಟಿಸುತ್ತಿದ್ದ. ಮದುವೆಯ ಮಾತನ್ನೂ ಮಾಸ್ಟರ್ ಹೀಗೇ ನಾಳೆ ನಾಳೆ ಎಂದು ತಳ್ಳುತ್ತ ಬಂದ. ಐವತ್ತು ದಾಟಿದ ಮೇಲೆ ಕೇಳುವವರೇ ಸುಸ್ತಾಗಿ ಸುಮ್ಮನಾದರು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಮೇಜಿನ ಕೆಳಗೆ ಚೂರುಪಾರು ತುಂಬುವ ಗೋಣಿಚೀಲ. ಒಳಗೆ ಅಡುಗೆಮನೆ, ಎರಡು ಮಲಗುವ ಕೋಣೆ, ಹಿಂದೆ ಒಂದು ಪುಟ್ಟ ಅಂಗಳ. ಆ ಮನೆಯಲ್ಲಿ ಅವನೂ ಅವನ ಅಕ್ಕನೂ ಇದ್ದರು. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೆ ಬಂದಳು ಎಂದು ಜನ ಹೇಳುತ್ತಿದ್ದರು. ಅವನಿಗೆ ಮಾತ್ರ ತಾನೇ ಅಕ್ಕನ ಮನೆಯಲ್ಲಿ ಇರುವವನು ಎಂಬ ಭಾವ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದಾಗ, ಊರವರ ರವಿಕೆ ಹೊಲಿದು ಅವನ ಹೊಟ್ಟೆ ತುಂಬಿಸಿದವಳು ಅವಳು. ಅವನ ಕೈಗೆ ಮೊದಲ ಸಲ ಕತ್ತರಿ ಕೊಟ್ಟವಳೂ ಅವಳೇ. "ಎಡಗೈ ಬಿಗಿ ಇರಬೇಕು ಕಣೋ. ಎಳೆದು ಹಿಡಿ, ಆಮೇಲೆ ಕತ್ತರಿಸು. ಸಡಿಲ ಬಟ್ಟೆ ಕತ್ತರಿಗೆ ಸುಳ್ಳು ಹೇಳುತ್ತೆ" ಎಂದು ಅವಳು ಅಂದು ಹೇಳಿಕೊಟ್ಟದ್ದು ಅವನ ಎಡಗೈಗೆ ಬಾಯಿಪಾಠವಾಗಿತ್ತು. ಮನಸ್ಸು ಎಲ್ಲೋ ಇದ್ದರೂ ಆ ಕೈ ತಾನಾಗಿಯೇ ಎಳೆದು ಹಿಡಿಯುತ್ತಿತ್ತು.

ಮನೆಯ ಮೂರನೇ ಜೀವ ಚಿಂದಿ. ಒಂದು ಬೆಳಗ್ಗೆ ಚೂರುಬಟ್ಟೆಯ ಗೋಣಿಚೀಲ ಅಲುಗಾಡಿದ್ದನ್ನು ಕಂಡು ಇಲಿ ಎಂದುಕೊಂಡು ಮಾಸ್ಟರ್ ಕೋಲು ತಂದಿದ್ದ. ಚೀಲದಿಂದ ಹೊರಬಂದದ್ದು ಕಣ್ಣು ಸರಿಯಾಗಿ ತೆರೆಯದ ನಾಯಿಮರಿ. ಬಿಳಿ, ಬೂದಿ, ಕಂದು ಬಣ್ಣಗಳ ತೇಪೆ ತೇಪೆ ಮೈ. "ಚಿಂದಿಯಲ್ಲಿ ಹುಟ್ಟಿದ್ದು, ಚಿಂದಿಯ ಹಾಗೇ ಇದೆ" ಎಂದು ಅಕ್ಕ ನಕ್ಕಳು. ಹೆಸರು ಅಲ್ಲಿಗೆ ನಿಂತಿತು. ಬೆಳೆಯುತ್ತ ಬೆಳೆಯುತ್ತ ಅದರ ಕೂದಲು ನೆಲ ಗುಡಿಸುವಷ್ಟು ನೀಳವಾಯಿತು. ರೇಷ್ಮೆಯಂಥ ಕೂದಲು, ಒಂದು ದಿನ ಬಿಟ್ಟರೂ ಗಂಟು ಕಟ್ಟುವಂಥದ್ದು.

ಅಕ್ಕನ ಬೆಳಗು ಶುರುವಾಗುತ್ತಿದ್ದದ್ದೇ ಆ ಕೂದಲಿನಿಂದ. ಅಂಗಳದ ಮಣೆಯ ಮೇಲೆ ಕೂತು ಚಿಂದಿಯನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಮೊದಲು ಬರಿಗೈಯಿಂದ ಮೈಯೆಲ್ಲ ತಡವಿ ಎಲ್ಲೆಲ್ಲಿ ಸಿಕ್ಕಿದೆ ಎಂದು ನೋಡುವಳು. ಆಮೇಲೆ ಹಲ್ಲು ಅಗಲವಿದ್ದ ಬಾಚಣಿಗೆ, ಆಮೇಲೆ ಹಲ್ಲು ಸಣ್ಣದಿದ್ದದ್ದು. ಬೆನ್ನು, ಹೊಟ್ಟೆ, ತೊಡೆಯ ಸಂದಿ. ಹತ್ತಿಯಿಂದ ಕಿವಿ ಒರೆಸಿ, ಉಗುರಿನ ತುದಿಯನ್ನು ಅರದಿಂದ ಉಜ್ಜಿ, ಪಾದದ ಬೆರಳ ಸಂದಿಯಲ್ಲಿ ಹೊಕ್ಕ ದಾರದ ತುಣುಕು ಬಿಡಿಸುವಳು. ಕೊನೆಗೆ ಬಲಗಿವಿಯ ಹಿಂದೆ ಮೂರು ಬೆರಳಿಟ್ಟು ಮೆಲ್ಲಗೆ ತಿಕ್ಕುವಳು. ಅದು ಕೆಲಸ ಮುಗಿಯಿತು ಎಂಬುದಕ್ಕೆ ಗುರುತು. ಚಿಂದಿ ಕಣ್ಣು ಮುಚ್ಚಿ, ತಲೆಯ ಭಾರವನ್ನೆಲ್ಲ ಆ ಮೂರು ಬೆರಳ ಮೇಲೆ ಬಿಟ್ಟುಬಿಡುತ್ತಿತ್ತು. ಅಕ್ಕನ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಸುಕಾದ ಮೇಲೂ ಈ ಕೆಲಸದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

ಪೊರೆ ತೆಗೆಸಲು ಅಕ್ಕ ತನ್ನ ಮಗಳ ಊರಿಗೆ ಹೊರಟಳು. ಒಂದು ಕಣ್ಣಿನದು ಆಗಿ, ಅದು ವಾಸಿಯಾಗಿ, ಇನ್ನೊಂದರದು ಆಗಬೇಕು. ಒಂದು ತಿಂಗಳ ಮಾತು. ಬ್ಯಾಗು ಬಾಗಿಲಲ್ಲಿಟ್ಟುಕೊಂಡು ಅವಳು ತಮ್ಮನಿಗೆ ಹೇಳಿದ್ದು ಒಂದೇ.

"ನಿನ್ನ ಊಟ ನೀನು ನೋಡ್ಕೋತೀಯ. ಇದರ ಕೂದಲು ಮಾತ್ರ ದಿನಾ ಬಾಚು. ಮಾತು ಕೊಡು."

"ಕೊಟ್ಟೆ ಅಕ್ಕ."

"ಗಿರಾಕಿಗೆ ಕೊಡೋ ಮಾತಲ್ಲ."

"ನಿನಗೆ ಕೊಡೋ ಮಾತೇ. ಹೋಗಿ ಬಾ."

ಮೊದಲ ಎರಡು ದಿನ ಬಾಚಿದ. ಆಮೇಲೆ ಶಾಲೆ ಶುರುವಾಗುವ ಕಾಲ ಬಂತು. ಬೀದಿಯ ಮಕ್ಕಳೆಲ್ಲ ಬೇಸಿಗೆಯಲ್ಲಿ ಒಂದೊಂದು ಗೇಣು ಬೆಳೆದು ನಿಂತಿದ್ದರು. ತಾಯಂದಿರು ಸಮವಸ್ತ್ರದ ಬಟ್ಟೆ ತಂದು ಮೇಜಿನ ಮೇಲೆ ಗುಡ್ಡೆ ಹಾಕಿದರು. ಬೆಳಗ್ಗೆ ಚಿಂದಿ ಬಾಚಣಿಗೆಯ ಡಬ್ಬಿಯ ಪಕ್ಕ ಹೋಗಿ ಕೂತು ಅವನನ್ನು ನೋಡುತ್ತಿತ್ತು. "ಆಯ್ತು, ಸಂಜೆ" ಎನ್ನುತ್ತಿದ್ದ. ಸಂಜೆ "ನಾಳೆ" ಎನ್ನುತ್ತಿದ್ದ. ಕೆಲವು ದಿನಗಳಾದ ಮೇಲೆ ನಾಯಿ ಡಬ್ಬಿಯ ಹತ್ತಿರ ಹೋಗುವುದನ್ನೇ ಬಿಟ್ಟಿತು.

ಅಕ್ಕ ಮಾತ್ರ ಸಂಜೆ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದಳು.

"ಬಾಚಿದೆಯಾ?"

"ಬಾಚಿದೆ ಅಕ್ಕ."

"ಕಿವಿ ಹಿಂದೆ? ಅಲ್ಲೇ ಮೊದಲು ಗಂಟಾಗೋದು."

"ಅಲ್ಲೂ ಬಾಚಿದೆ."

"ಫೋನು ಅದರ ಕಿವಿಗೆ ಹಿಡಿ."

ಹಿಡಿಯುತ್ತಿದ್ದ. ಅತ್ತ ಕಡೆಯಿಂದ ಅಕ್ಕ "ಚಿಂದೀ, ನನ್ನ ಕಂದಾ" ಎಂದಾಗ ನಾಯಿ ಫೋನನ್ನು ಮೂಸಿ, ಅವನ ಮುಖ ನೋಡಿ, ಬಾಲ ಆಡಿಸುತ್ತಿತ್ತು. ಯಾವ ಕಿವಿಯ ಬಗ್ಗೆ ಸುಳ್ಳು ಹೇಳಿದೆನೋ ಅದೇ ಕಿವಿಗೆ ಫೋನು ಹಿಡಿದು ನಿಂತಿದ್ದೇನಲ್ಲ ಎಂದು ಅವನಿಗೆ ಮೊದಮೊದಲು ಚುರುಕ್ ಎನ್ನುತ್ತಿತ್ತು. ಆಮೇಲೆ ಆ "ಬಾಚಿದೆ ಅಕ್ಕ" ಕೂಡ ಗಿರಾಕಿಗಳಿಗೆ ಹೇಳುವ "ನಾಳೆ"ಯಷ್ಟೇ ಸಲೀಸಾಯಿತು.

ಅಕ್ಕ ಬರುವ ಹಿಂದಿನ ದಿನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಚಿಂದಿಯನ್ನು ಹಿತ್ತಲಿನ ಬೆಳಕಿಗೆ ತಂದ. ಆಗ ಸರಿಯಾಗಿ ನೋಡಿದ. ಹೊಟ್ಟೆಯ ಕೆಳಗಿನ ಕೂದಲು ಜಡೆಗಟ್ಟಿ ಹಗ್ಗವಾಗಿತ್ತು. ತೊಡೆಯ ಸಂದಿಯಲ್ಲಿ ನೂಲಿನ ಉಂಡೆಗಳು. ಬಲಗಿವಿಯ ಹಿಂದೆ ಅಡಿಕೆ ಗಾತ್ರದ ಗಟ್ಟಿ ಗಂಟು. ಗಾಬರಿಯಲ್ಲಿ ಅವನು ಮಾಡಿದ ಮೊದಲ ಕೆಲಸವೇ ತಪ್ಪು: ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತಂದು ಸೋಪು ಹಚ್ಚಿ ಸ್ನಾನ ಮಾಡಿಸಿದ. ಉಣ್ಣೆಯ ಬಟ್ಟೆಯನ್ನು ನೆನೆಸಿ ಉಜ್ಜಿದರೆ ಎಳೆಯೆಲ್ಲ ಒಂದಾಗಿ ಗಟ್ಟಿಯಾಗುತ್ತದೆಂದು ಗಿರಾಕಿಗಳಿಗೆ ಬುದ್ಧಿ ಹೇಳುವವನು ಅವನೇ. ಒಣಗಿದ ಮೇಲೆ ಗಂಟುಗಳು ಕಲ್ಲಾಗಿದ್ದವು. ಬಾಚಣಿಗೆ ಹಾಕಿದರೆ ಚಿಂದಿ ಕುಂಯ್ ಎಂದು ಮೈ ಎಳೆದುಕೊಳ್ಳುತ್ತಿತ್ತು.

ಮೇಜಿನ ಮೇಲಿಂದ ಕತ್ತರಿ ತಂದ. ಹೊಟ್ಟೆಯದನ್ನು ಕತ್ತರಿಸಿದ, ತೊಡೆಯದನ್ನು ಕತ್ತರಿಸಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಧೈರ್ಯ ಬಂತು. ಕಿವಿಯ ಹಿಂದಿನ ಗಂಟಿಗೆ ಬಂದಾಗ ಎಡಗೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಗಂಟನ್ನು ಹಿಡಿದು ಬಿಗಿಯಾಗಿ ಎಳೆಯಿತು.

ಬಟ್ಟೆ ಎಳೆದರೆ ಬಟ್ಟೆಯಷ್ಟೇ ಬರುತ್ತದೆ. ಕೂದಲು ಎಳೆದರೆ ಅದರ ಹಿಂದೆ ಕಿವಿಯ ಬುಡದ ತೆಳ್ಳನೆಯ ಚರ್ಮವೂ ಗುಡಾರದಂತೆ ಎದ್ದು ಬಂದಿತ್ತು. ಗಂಟಿನ ಒಳಗೆ ಅದು ಕಾಣಲಿಲ್ಲ. ಕತ್ತರಿ ಕಚ್ ಎಂದಿತು, ಕೈಗೆ ಬೇರೆಯೇ ಒಂದು ಮೆತ್ತಗಿನ ತಡೆ ತಾಗಿತು, ಆಮೇಲೆ ಚಿಂದಿಯ ಕೂಗು.

ಅದು ಕಚ್ಚಲಿಲ್ಲ. ಕೂಗಿ, ಅಂಗಡಿಯ ಮೇಜಿನ ಕೆಳಗೆ ಓಡಿ, ಗೋಣಿಚೀಲದ ಹಿಂದೆ ಸೇರಿಕೊಂಡಿತು. ಅವನ ಎಡಗೈಯಲ್ಲಿ ಗಂಟು ಉಳಿಯಿತು, ಅದರ ಬುಡದಲ್ಲಿ ಕೆಂಪು. ಬಗ್ಗಿ ಬಗ್ಗಿ ಕರೆದ. ಕೊನೆಗೆ ಅದು ಹೊರಗೆ ಬಂದದ್ದು ಅವನು ಬಿಸ್ಕತ್ತು ತೋರಿಸಿದ್ದಕ್ಕಲ್ಲ. ಕರೆದವನು ಮನೆಯವನೇ ಎಂದು. ಉಪ್ಪುನೀರಿನಿಂದ ಗಾಯ ತೊಳೆದ. ರಕ್ತ ನಿಂತಿತು. ಸುತ್ತಲಿನ ನೀಳ ಕೂದಲನ್ನು ಬಾಚಿ ಗಾಯದ ಮೇಲೆ ಇಳಿಬಿಟ್ಟ. ಏನೂ ಕಾಣಲಿಲ್ಲ. ಒಳ್ಳೆಯ ದರ್ಜಿ ಕೆಟ್ಟ ಜೋಡಣೆಯನ್ನು ಮಡಿಕೆಯ ಒಳಗೆ ಮುಚ್ಚುವ ಹಾಗೆ ಮುಚ್ಚಿದ್ದ. ಎರಡು ದಿನದಲ್ಲಿ ಮಾಯುತ್ತದೆ, ಅಕ್ಕನಿಗೆ ಈಗಲೇ ಹೇಳಿ ಅವಳ ಹೊಸ ಕಣ್ಣಿಗೆ ನೀರು ತರಿಸುವುದು ಬೇಡ ಎಂದುಕೊಂಡ. ನಾಳೆ ಹೇಳಿದರಾಯಿತು.

ಮರುದಿನ ಮಧ್ಯಾಹ್ನ ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಕೈ ಹಿಡಿದು ಬಂದಳು. ಚಿಂದಿ ಬೀದಿಯ ತಿರುವಿನಲ್ಲೇ ವಾಸನೆ ಹಿಡಿದು ಕುಣಿದಾಡಿತು. ಇನ್ನೂ ಬಗ್ಗಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳಿದ್ದರಿಂದ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು ಕೈ ಚಾಚಿದಳು. ನಾಯಿ ಎರಡು ಮುಂಗಾಲನ್ನೂ ಅವಳ ತೊಡೆಯ ಮೇಲಿಟ್ಟಿತು. ಅಕ್ಕನ ಮೂರು ಬೆರಳು ನೇರ ಬಲಗಿವಿಯ ಹಿಂದಕ್ಕೆ ಹೋದವು.

ಚಿಂದಿ ಗುರ್ ಎಂದು ತಿರುಗಿ ಅವಳ ಕೈಗೆ ಬಾಯಿ ಹಾಕಿತು.

ಹಲ್ಲು ತಾಗಿ ತರಚಿತ್ತು, ಅಷ್ಟೇ. ಆದರೆ ಮಗಳು ಕಿರುಚಿದಳು. "ಅಮ್ಮಾ! ಮುಖದ ಹತ್ತಿರ ಬಂತಲ್ಲ! ಕಣ್ಣಿಗೆ ತಾಗಿದ್ರೆ ಏನು ಗತಿ?"

ಅಕ್ಕ ಕೈಯನ್ನು ಎದೆಗೆ ಒತ್ತಿಕೊಂಡಳು. ಮಾಸ್ಟರ್ ಬಾಗಿಲಲ್ಲಿ ನಿಂತಿದ್ದ. ಬಾಯಲ್ಲಿ ಬಿಸಿತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಮಾಮ, ಇದಕ್ಕೆ ಏನಾಯ್ತು? ಹೀಗೆ ಯಾವತ್ತಾದ್ರೂ ಮಾಡಿತ್ತಾ?" ಎಂದಳು ಅಕ್ಕನ ಮಗಳು.

"ಇಲ್ಲಮ್ಮ... ಇಷ್ಟು ದಿನ ಆದ್ಮೇಲೆ ನೋಡ್ತಿದೆಯಲ್ಲ, ಅದಕ್ಕೇ ಇರಬೇಕು." ಅವನ ಬಾಯಿಂದ ಬಂದದ್ದು ಇದು.

ಅಕ್ಕ ಆ ಮಾತನ್ನು ಎತ್ತಿಕೊಂಡುಬಿಟ್ಟಳು. "ಹೌದು ಕಣೇ. ನನ್ನನ್ನ ಮರೆತಿದೆ. ಬಿಟ್ಟು ಹೋದೆನಲ್ಲ, ಅದರ ಕೋಪ."

ಅಂದಿನಿಂದ ಆ ಮಾತು ಮನೆಯಲ್ಲಿ ನಡೆದಾಡತೊಡಗಿತು. ಅಕ್ಕ ದೂರದಿಂದಲೇ ಬ್ರೆಡ್ಡಿನ ಚೂರು ಹಾಕುವಳು. "ತಿನ್ನು. ನಾನು ಮುಟ್ಟಲ್ಲ, ಹೆದರಬೇಡ" ಎನ್ನುವಳು. ಚಿಂದಿ ಬಂದು ಅವಳ ಕಾಲ ಬಳಿ ಮಲಗುವುದು. ಕೈ ಕೆಳಗೆ ಬಂದರೆ ಸರಿದು ಹೋಗುವುದು. ಅವಳು ಕೈ ಹಿಂದಕ್ಕೆ ಎಳೆದುಕೊಂಡಾಗಲೆಲ್ಲ ಮಾಸ್ಟರ್ ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿದ್ದ. ಒಂದು ಸಲ ಅಂಗಿಯ ತೋಳನ್ನು ಕುತ್ತಿಗೆಯ ಜಾಗಕ್ಕೆ ಹೊಲಿದುಬಿಟ್ಟ. ಬೇಕರಿಯವನು ಅದನ್ನು ಎತ್ತಿ ಹಿಡಿದು, "ಏನ್ ಮಾಸ್ಟ್ರೇ, ಯಾರದೋ ಕುತ್ತಿಗೆಗೆ ಕೈ ಹಾಕಿದೀರಲ್ಲ!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮಾಸ್ಟರ್ ಬೆಚ್ಚಿ, ಚಿಂದಿಯ ಕಡೆ ನೋಡಿದ.

ಗಾಯ ಮಾಯಲಿಲ್ಲ. ಅಕ್ಕ ಮಲಗಿದ ಮಧ್ಯಾಹ್ನಗಳಲ್ಲಿ ಅವನು ಕೂದಲು ಸರಿಸಿ ನೋಡಲು ಹೋದರೆ ನಾಯಿ ತಲೆ ಕೊಡುತ್ತಿರಲಿಲ್ಲ. ಒಂದು ಸಣ್ಣ ವಾಸನೆ ಮಾತ್ರ ಬರುತ್ತಿತ್ತು. ಹೇಳಬೇಕು ಎಂದು ಅಡುಗೆಮನೆಯವರೆಗೆ ಹೋಗಿ, ನೀರು ಕುಡಿದು ಬರುತ್ತಿದ್ದ. ಕತ್ತರಿ ತಾಗಿಸಿದ್ದು ಒಂದೇ ಆಗಿದ್ದರೆ ಹೇಳಿಬಿಡುತ್ತಿದ್ದನೇನೋ. ಅದನ್ನು ಹೇಳಿದರೆ ಗಂಟು ಹೇಗಾಯಿತು ಎಂದು ಬರುತ್ತದೆ. ಗಂಟಿನ ಎಳೆ ಹಿಡಿದು ಎಳೆದರೆ ಒಂದೊಂದೇ ಸಂಜೆಯ "ಬಾಚಿದೆ ಅಕ್ಕ" ಬಿಚ್ಚಿಕೊಳ್ಳುತ್ತದೆ. ಅಕ್ಕ ಅವನ ಮೇಲೆ ನಂಬಿಕೆ ಇಡದ ದಿನ ಅವನ ಬದುಕಿನಲ್ಲಿ ಒಂದೂ ಇರಲಿಲ್ಲ.

ಅಕ್ಕನ ಮಗಳು ವಾಪಸು ಹೋಗುವ ಮುಂಚೆ ಒಂದು ಏರ್ಪಾಡು ಮಾಡಿದಳು. ಊರಾಚೆಯ ಗೋದಾಮಿನ ಕಾವಲುಗಾರನಿಗೆ ಒಂದು ನಾಯಿ ಬೇಕಿತ್ತು. "ಕಚ್ಚೋ ನಾಯಿ ಆದ್ರೆ ಇನ್ನೂ ಒಳ್ಳೇದು ಅಂದ" ಎಂದಳು. "ಮಾಮ, ನೀನೇ ಹೇಳು. ಅಮ್ಮನ ಕಣ್ಣು ಮುಖ್ಯಾನೋ, ನಾಯಿ ಮುಖ್ಯಾನೋ?"

"ನಿಮ್ಮಮ್ಮನ್ನೇ ಕೇಳು" ಎಂದು ಅವನು ಅಳತೆಯ ಟೇಪನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಅಕ್ಕ ತರಚಿದ ಕೈಯನ್ನು ಸವರಿಕೊಂಡಳು. "ಅದಕ್ಕೆ ನಾನು ಬೇಡವಾಗಿದ್ರೆ ಇಟ್ಕೊಂಡು ಏನ್ ಮಾಡ್ಲಿ" ಎಂದಳು ಕೊನೆಗೆ.

ಕಾವಲುಗಾರ ಮರುದಿನ ಸಂಜೆ ಸೈಕಲ್ಲಿನಲ್ಲಿ ಬಂದ. ದಪ್ಪ ಮೀಸೆ, ಮೆದು ಮಾತು. ಹ್ಯಾಂಡಲ್ಲಿಗೆ ಕಬ್ಬಿಣದ ಸರಪಳಿಯನ್ನೂ ಅಗಲ ಚರ್ಮದ ಪಟ್ಟಿಯನ್ನೂ ನೇತುಹಾಕಿಕೊಂಡಿದ್ದ. "ಹೊಟ್ಟೆಗೆ ಕಮ್ಮಿ ಮಾಡಲ್ಲಮ್ಮ. ಹಗಲು ಕಟ್ಟಿಹಾಕ್ತೀನಿ, ಕತ್ತಲಾದ್ಮೇಲೆ ಬಿಡ್ತೀನಿ. ಈ ಕೂದಲೆಲ್ಲ ಮಾತ್ರ ಬೋಳಿಸಬೇಕಾಗುತ್ತೆ, ಅಲ್ಲಿ ಬಾಚೋರು ಯಾರು" ಎಂದ.

ಅಕ್ಕ ಬಾಚಣಿಗೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಕೊಡಲೆಂದು ತಂದಿದ್ದಳೋ ಏನೋ, ಬಾಚುವವರು ಇಲ್ಲ ಎಂದಾಗ ಅದರ ಮೇಲೆ ಸೆರಗು ಮುಚ್ಚಿದಳು. "ಹೋಗಪ್ಪ ಕಂದಾ" ಎಂದಳು ನಾಯಿಗೆ. "ನಾನು ಬಿಟ್ಟು ಹೋಗಬಾರದಿತ್ತು. ತಪ್ಪು ನಂದೇ."

ಕಾವಲುಗಾರ ಪಟ್ಟಿಯನ್ನು ಕುತ್ತಿಗೆಗೆ ಹಾಕಿ ಬಿಗಿದ. ಪಟ್ಟಿಯ ಅಂಚು ಕಿವಿಯ ಬುಡಕ್ಕೆ ಒತ್ತಿತು. ಚಿಂದಿ ಅವತ್ತಿನ ಹಾಗೆಯೇ ಕೂಗಿ, ಅವನ ಕೈಯಿಂದ ನುಸುಳಿಕೊಂಡು, ಸರಪಳಿಯನ್ನು ಎಳೆದುಕೊಂಡೇ ಮೇಜಿನ ಕೆಳಗಿಂದ ಕಿಟಕಿಯ ಕಡೆ ಓಡಿತು. ಅಲ್ಲಿ ಯಂತ್ರದ ಮುಂದೆ ಮಾಸ್ಟರ್ ಕೂತಿದ್ದ. ನಾಯಿ ಅವನ ಎರಡು ಕಾಲುಗಳ ನಡುವೆ ಮುಖ ಹುದುಗಿಸಿ ನಡುಗತೊಡಗಿತು. ಮನೆಯಲ್ಲಿ ಅಷ್ಟು ಜನರಿರುವಾಗ, ರಕ್ಷಣೆಗೆ ಅದು ಬಂದದ್ದು ಅವನ ಹತ್ತಿರ.

"ಬಿಡಿ. ಪಟ್ಟಿ ಬಿಚ್ಚಿ" ಎಂದ ಮಾಸ್ಟರ್. ಅವನ ದನಿ ಅವನಿಗೇ ಯಾರದೋ ಅನ್ನಿಸಿತು. "ಅದಕ್ಕೆ ಅಲ್ಲಿ ಗಾಯ ಆಗಿದೆ. ನಾನೇ ಮಾಡಿದ್ದು."

ಅಕ್ಕನ ಮುಖ ಅವನ ಕಡೆ ತಿರುಗಿತು.

"ಕತ್ತರಿ ತಾಗಿಸಿದೆ ಅಕ್ಕ. ನೀನು ಬರೋ ಹಿಂದಿನ ದಿನ. ಕಿವಿ ಹಿಂದೆ ಗಂಟಾಗಿತ್ತು, ಎಳೆದು ಹಿಡಿದು ಕತ್ತರಿಸಿದೆ. ಚರ್ಮ ಬಂತು. ಅದು ನಿನ್ನನ್ನ ಮರೆತಿಲ್ಲ. ನೀನು ನೇರ ಗಾಯಕ್ಕೇ ಕೈ ಹಾಕಿದೆ, ಅಷ್ಟೇ."

"ಮಾಮ!" ಎಂದಳು ಅಕ್ಕನ ಮಗಳು. "ಬಾಯಿಗೇನು ಹೊಲಿಗೆ ಹಾಕ್ಕೊಂಡಿದ್ದೆಯಾ ಇಷ್ಟು ದಿನ?"

ಅಕ್ಕ ಎದ್ದಳು. ಮೇಜಿನ ಅಂಚು ಹಿಡಿದುಕೊಂಡು ಬಂದು, ಬಗ್ಗಬಾರದು ಎಂದದ್ದನ್ನೂ ಮರೆತು ನೆಲಕ್ಕೆ ಕೂತಳು. ಚಿಂದಿಯ ಗಲ್ಲದ ಕೆಳಗೆ ಕೈ ಕೊಟ್ಟಳು. ಅದು ಅವಳ ಅಂಗೈಗೆ ಮೂತಿ ಇಟ್ಟಿತು. ಎಡಗಿವಿಯ ಹಿಂದೆ ತಿಕ್ಕಿದಳು. ಕಣ್ಣು ಮುಚ್ಚಿತು. ಕಪ್ಪು ಕನ್ನಡಕದ ಕೆಳಗಿನಿಂದ ಅಕ್ಕನ ಕೆನ್ನೆಗೆ ನೀರಿಳಿಯಿತು.

"ಎಳೆದು ಹಿಡಿದೆಯಾ?" ಎಂದಳು.

"ಹೂಂ."

"ನಾನೇ ಅಲ್ವಾ ಹಾಗೆ ಕಲಿಸಿದ್ದು. ಕೂದಲಿಗೆ ಬೇರೆ, ಬಟ್ಟೆಗೆ ಬೇರೆ ಅಂತ ನಿನಗೆ ಹೇಳೇ ಇಲ್ಲ. ನಂದೇ ತಪ್ಪು ಬಿಡು."

ಅದನ್ನು ಕೇಳಿ ಮಾಸ್ಟರಿಗೆ ತಡೆಯಲಾಗಲಿಲ್ಲ. ಆ ಮಾತನ್ನು ಹಿಡಿದುಕೊಂಡು ಅವನು ಅಲ್ಲಿಗೇ ಪಾರಾಗಬಹುದಿತ್ತು. "ಬೇಡ ಅಕ್ಕ. ಇದನ್ನೂ ನೀನೇ ಹೊರಬೇಡ. ನಾನು ಬಾಚಲೇ ಇಲ್ಲ. ಎರಡು ದಿನ ಬಾಚಿದ್ದು, ಅಷ್ಟೇ. ಆಮೇಲೆ ಫೋನಲ್ಲಿ ಹೇಳಿದ್ದೆಲ್ಲ ಸುಳ್ಳು."

ಅಕ್ಕನ ಕೈ ನಾಯಿಯ ಕಿವಿಯ ಮೇಲೆ ನಿಂತಿತು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಸುಳ್ಳು ಹೇಳಿ ಅದರ ಕಿವಿಗೇ ಫೋನು ಹಿಡೀತಿದ್ದೆಯಲ್ಲೋ" ಎಂದಳು, ಅಷ್ಟೇ.

ಕಾವಲುಗಾರ ಪಟ್ಟಿ ಬಿಚ್ಚಿಕೊಂಡು, ಸರಪಳಿಯನ್ನು ಸದ್ದಾಗದಂತೆ ಕೈಗೆ ಸುತ್ತಿಕೊಂಡ. "ಬೇರೆ ನೋಡ್ಕೋತೀನಮ್ಮ" ಎಂದು ಹೊರಟುಹೋದ.

ಮರುದಿನ ಅಂಗಡಿ ತೆಗೆಯದೆ ಮಾಸ್ಟರ್ ಚಿಂದಿಯನ್ನು ಎತ್ತಿಕೊಂಡು ನಾಯಿ ವೈದ್ಯರ ಬಳಿ ಹೋದ. ಅವರು ಸುತ್ತಲಿನ ಕೂದಲು ಬೋಳಿಸಿ ಕೀವು ತೆಗೆದರು. ಗಾಯ ಹಳೆಯದಾಗಿತ್ತು, ಹೊಲಿಗೆಗೆ ಹೊತ್ತು ಮೀರಿತ್ತು. "ಏನ್ ಕೆಲಸ ನಿಮ್ಮದು?" ಎಂದು ಮಾತಿಗೆ ಕೇಳಿದರು. "ಟೈಲರ್" ಎಂದ. ವೈದ್ಯರು ಗಾಯವನ್ನೊಮ್ಮೆ, ಅವನನ್ನೊಮ್ಮೆ ನೋಡಿ ಮುಲಾಮಿನ ಟ್ಯೂಬು ಕೊಟ್ಟರು. ಅವನು ತಲೆ ತಗ್ಗಿಸಿಕೊಂಡು, ನಾಯಿಯನ್ನು ಎದೆಗವಚಿಕೊಂಡು ಬಂದ.

ಅಕ್ಕನ ಮಗಳು ಊರಿಗೆ ಹೋದಳು. ಗಾಯ ಮಾಯಿತು. ಅಕ್ಕನ ಕಣ್ಣೂ ವಾಸಿಯಾಗಿ ಕಪ್ಪು ಕನ್ನಡಕ ಹೋಯಿತು. ಬಾಚುವ ಕೆಲಸವನ್ನು ಅವಳೇ ಮತ್ತೆ ಎತ್ತಿಕೊಳ್ಳುತ್ತಾಳೆ ಎಂದು ಮಾಸ್ಟರ್ ಎಣಿಸಿದ್ದ. ಒಂದು ಬೆಳಗ್ಗೆ ಅವಳು ಡಬ್ಬಿ ತಂದು ಅವನ ಮುಂದಿಟ್ಟಳು.

"ಅಂಗಡಿ ಬಾಗಿಲು ಆಮೇಲೆ. ಮೊದಲು ಇದು."

"ನನ್ನ ಕೈಗೆ ಬರುತ್ತಾ ಅಕ್ಕ?"

"ಬರಲಿ ಅಂತಲೇ ಕೊಡ್ತಿರೋದು. ಕೂತ್ಕೋ."

ಮಣೆಯ ಮೇಲೆ ಅವನು, ಪಕ್ಕದ ಸ್ಟೂಲಿನ ಮೇಲೆ ಅವಳು. ಅವನ ಕೈಯ ಮೇಲೆ ತನ್ನ ಕೈಯಿಟ್ಟು ಹೇಳಿಕೊಟ್ಟಳು. ಮೊದಲು ಬರಿಬೆರಳು, ಚರ್ಮ ಎಲ್ಲಿದೆ ಎಂದು ಬೆರಳಿಗೆ ಗೊತ್ತಾದ ಮೇಲೆ ಬಾಚಣಿಗೆ. ಗಂಟು ಸಿಕ್ಕರೆ ಎಳೆಯಬಾರದು. ಗಂಟಿಗೂ ಚರ್ಮಕ್ಕೂ ನಡುವೆ ಎಡಗೈ ಬೆರಳನ್ನು ಅಡ್ಡ ಇಡಬೇಕು, ನೋವೆಲ್ಲ ಆ ಬೆರಳಿಗೇ ಬರಲಿ. ಒಂದು ಚಿಟಿಕೆ ಪೌಡರು ಉದುರಿಸಿ, ತುದಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಡಬ್ಬಿಯಲ್ಲಿ ಕತ್ತರಿ ಇರಲಿಲ್ಲ. ಅವನ ಎಡಗೈ ಹಳೆಯ ಅಭ್ಯಾಸಕ್ಕೆ ಬಿಗಿಯಾದಾಗಲೆಲ್ಲ ಅಕ್ಕ ಬೆರಳಿನ ಗಂಟಿಗೆ ಮೆಲ್ಲಗೆ ತಟ್ಟುತ್ತಿದ್ದಳು. "ಸಡಿಲ. ಸಡಿಲ ಬಿಡೋ."

ಅವಳು ಮೊದಲಿನ ಹಾಗೇ ಮಾತಾಡುತ್ತಾಳೆ, ನಗುತ್ತಾಳೆ. ಒಂದು ಮಾತ್ರ ಬದಲಾಗಿದೆ. ಬಾಚಿದೆಯಾ ಎಂದು ಅವನನ್ನು ಕೇಳುವುದಿಲ್ಲ. ನಾಯಿಯ ಮೈ ತಡವಿ ನೋಡಿಕೊಳ್ಳುತ್ತಾಳೆ.

ಮೊನ್ನೆ ಬೆಳಗ್ಗೆ ಹೀಗೇ ಕೂತಿದ್ದಾಗ ಬೇಕರಿಯವನು ಹಿತ್ತಲ ಗೋಡೆಯ ಮೇಲಿಂದ ತಲೆ ಹಾಕಿದ. "ಮಾಸ್ಟ್ರೇ, ಬಾಗಿಲು ಹಾಕ್ಕೊಂಡು ಇಲ್ಲಿ ಕೂತಿದೀರಾ! ನನ್ನ ಕೋಟು ಏನಾಯ್ತು?"

ಮಾಸ್ಟರನ ಬಾಯಿಗೆ ಆ ಒಂದು ಪದ ತಾನಾಗಿ ಬಂತು. ಅಕ್ಕ ತಲೆ ಎತ್ತಲಿಲ್ಲ. ಅವನು ಪದವನ್ನು ನುಂಗಿದ.

"ಇನ್ನೂ ಕತ್ತರಿಸೇ ಇಲ್ಲ" ಎಂದ.

"ಹಾಂ?"

"ನಿಮ್ಮ ಬಟ್ಟೆ ಹಾಗೇ ಮಡಿಸಿಟ್ಟಿದೆ. ಮುಟ್ಟಿಲ್ಲ."

ಬೇಕರಿಯವನು ಅವನ ಮುಖವನ್ನೇ ನೋಡಿದ. "ಏನಮ್ಮಾ, ನಿಮ್ಮ ತಮ್ಮನಿಗೆ ಹುಷಾರಿಲ್ವಾ?" ಎಂದ. ಅಕ್ಕ ನಕ್ಕಳು, ಹೊಟ್ಟೆಯಿಂದ ಬಂದ ನಗು. ಗೋಡೆಯ ಮೇಲಿನ ತಲೆ ಗೊಣಗುತ್ತ ಕೆಳಗಿಳಿಯಿತು.

ಅವನು ಬಾಚಣಿಗೆ ಎತ್ತಿಕೊಂಡ. ಬೆನ್ನಾಯಿತು, ಹೊಟ್ಟೆಯಾಯಿತು, ಎಡಗಿವಿಯಾಯಿತು. ಬಲಗಿವಿಯ ಹಿಂದೆ ಕೂದಲು ಮತ್ತೆ ಬಂದಿದೆ; ನಡುವೆ ಉಗುರಿನಷ್ಟು ಉದ್ದದ ಒಂದು ಗೆರೆ ಮಾತ್ರ ಬೋಳಾಗಿ ಉಳಿದಿದೆ. ಅವನ ಕೈ ಆ ಕಡೆ ಬಂದಾಗ ಚಿಂದಿ ಗುರುಗುಟ್ಟಲಿಲ್ಲ, ಸರಿಯಲಿಲ್ಲ. ಉಸಿರು ಹಿಡಿದು ನಿಂತಿತು. ಅವನ ಕೈಯೂ ನಿಂತಿತು. ಎರಡು ಬೆರಳಗಲ ದೂರದಲ್ಲಿ ಕೈಯನ್ನು ಹಾಗೇ ಹಿಡಿದುಕೊಂಡು, ಅದು ಉಸಿರು ಬಿಡುವವರೆಗೂ ಕಾದ. ಆಮೇಲೆ "ಇಲ್ಲಿ ಮಾತ್ರ ನೀನೇ ಬಾಚು ಅಕ್ಕ" ಎಂದು ಬಾಚಣಿಗೆಯನ್ನು ಅವಳ ಕೈಗೆ ಕೊಟ್ಟ.